ಬಸಿದ ನೀರು

ಹೋಟೆಲ್ ಕೆಲಸ ಬಿಟ್ಟು ಮನೆಗಳಲ್ಲಿ ಅಡುಗೆಗೆ ಸೇರಬೇಕು ಎಂದುಕೊಂಡ ಹುಡುಗರು ಈಚೆಗೆ ನನ್ನ ಹತ್ತಿರ ಬರುತ್ತಾರೆ. ತಿಂಗಳಿಗೆ ಎಷ್ಟು ಕೇಳಬಹುದು, ಸಾಮಾನು ಯಾರು ತರಬೇಕು, ರಜೆ ಹೇಗೆ, ನಮ್ಮ ಊಟ ಅಲ್ಲೇ ಮಾಡಬಹುದೋ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಗಳು. ನಾನೂ ಇವನ್ನೇ ಲೆಕ್ಕ ಹಾಕಿಕೊಂಡು ಹೊರಟವನು. ಗೊತ್ತಿದ್ದಷ್ಟು ಉತ್ತರ ಕೊಡುತ್ತೇನೆ. ಆಮೇಲೆ, ನನ್ನ ಕೈಯಡುಗೆ ಉಂಡು ಒಬ್ಬ ಹಿರಿಯರು ಆಸ್ಪತ್ರೆ ಸೇರಿದ ಸಂಗತಿಯನ್ನೂ ಹೇಳುತ್ತೇನೆ. ಕೆಲವರಿಗೆ ಅದನ್ನು ಕೇಳುವ ತಾಳ್ಮೆ ಇರುವುದಿಲ್ಲ. ಆದರೂ ಕೂರಿಸಿಕೊಂಡು ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವನು. ನಮ್ಮ ಊರುಗಳಲ್ಲಿ ಓದು ಹತ್ತದ ಹುಡುಗನಿಗೆ ಹೋಟೆಲು ಒಂದು ದಾರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಲೋಟ ತೊಳೆಯುತ್ತ ಶುರುಮಾಡಿ ಮಾಲೀಕರಾದವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಮನೆ ಅಡುಗೆಯೂ ಅಷ್ಟೇ ಹಳೆಯ ದಾರಿ ಎಂಬುದು ಮಾತ್ರ ಅನೇಕರಿಗೆ ನೆನಪಿಲ್ಲ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸೋದರರು ಮೊದಲು ಸೇರಿದ್ದು ಸ್ಥಿತಿವಂತರ ಮನೆಯ ಅಡುಗೆಗೆ. ಪರಮೇಶ್ವರ ಮಯ್ಯರಿಗೆ ಅವರ ಯಜಮಾನರೇ ನೆರವಾದರು. 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಶುರುವಾಯಿತು, ಅದೇ ಮುಂದೆ ಎಂ.ಟಿ.ಆರ್. ಆಯಿತು. ಹೋಟೆಲಿಗೆ ರಾಜೀನಾಮೆ ಕೊಟ್ಟಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಈ ಕಥೆಯೇ. ಒಂದು ಒಳ್ಳೆಯ ಮನೆ ಸಿಗಬೇಕು, ಕೈರುಚಿ ಅವರ ನಾಲಿಗೆಗೆ ಹಿಡಿಯಬೇಕು, ಅಲ್ಲಿಂದ ಬಾಯಿಂದ ಬಾಯಿಗೆ ಹೆಸರು ಹರಡಬೇಕು. ಎಲ್ಲವೂ ರುಚಿಯ ಮೇಲೆ ನಿಂತಿದೆ ಎಂದು ನಂಬಿದ್ದೆ.

ಮೊದಮೊದಲು ಕಷ್ಟವಾದದ್ದು ಅಳತೆ. ಇನ್ನೂರು ಜನರ ಸಾಂಬಾರಿಗೆ ಪಳಗಿದ ಕೈ ನಾಲ್ಕು ಜನಕ್ಕೆ ಮಾಡಲು ಕೂತರೆ ತಡವರಿಸುತ್ತದೆ. ಸಾಮಾನನ್ನು ಐವತ್ತರಿಂದ ಭಾಗಿಸಿದರೆ ಸರಿಹೋಗುವುದಿಲ್ಲ. ಸಣ್ಣ ಪಾತ್ರೆಯಲ್ಲಿ ನೀರು ಬೇಗ ಇಂಗುತ್ತದೆ, ಕುದಿಯುತ್ತ ಕುದಿಯುತ್ತ ಉಪ್ಪು ಹುಳಿ ಎರಡೂ ಏರುತ್ತವೆ. ಒಂದು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದಕ್ಕೂ ಮೆಣಸು ಕರಟುವುದಕ್ಕೂ ನಡುವೆ ಉಸಿರು ಬಿಡುವಷ್ಟೂ ಹೊತ್ತಿಲ್ಲ. ಹೋಟೆಲಿನಲ್ಲಿ ಹುರಿದ ಮಸಾಲೆ, ಬೇಯಿಸಿದ ಬೇಳೆ, ಹೆಚ್ಚಿದ ತರಕಾರಿ ಎಲ್ಲ ಸಿದ್ಧವಾಗಿ ಕೈಗೆಟಕುವಂತೆ ಇರುತ್ತದೆ. ಮನೆಯಲ್ಲಿ ಹೆಚ್ಚುವವನೂ ನಾನೇ, ತೊಳೆಯುವವನೂ ನಾನೇ. ದುಡ್ಡಿನ ಲೆಕ್ಕದಲ್ಲೂ ಎಡವಿದೆ. ಒಲೆಯ ಮುಂದೆ ನಿಂತ ಹೊತ್ತಿಗೆ ಮಾತ್ರ ಬೆಲೆ ಕಟ್ಟಿದ್ದೆ. ಮಾರ್ಕೆಟ್ಟಿಗೆ ಹೋಗಿ ಬರುವ ಹೊತ್ತು, ವಾರದ ಅಡುಗೆ ಯೋಚಿಸಿ ಬರೆಯುವ ಹೊತ್ತು, ಬಸ್ಸು ಕಾಯುವ ಹೊತ್ತು ಯಾವುದನ್ನೂ ಸೇರಿಸಿರಲಿಲ್ಲ. ಇವೆಲ್ಲ ಒಂದೆರಡು ಮನೆಯಲ್ಲಿ ಪೆಟ್ಟು ತಿಂದರೆ ತಾನಾಗಿ ಕಲಿಯುವಂಥವು. ಹುಡುಗರಿಗೆ ಹೇಳಿದರೆ ಅರ್ಧ ದಿನದಲ್ಲಿ ಅರ್ಥವಾಗುತ್ತದೆ.

ಆ ಮನೆ ಸಿಕ್ಕಿದ್ದು ಜಯನಗರದಲ್ಲಿ. ಯಜಮಾನರು ನಿವೃತ್ತ ಎಂಜಿನಿಯರ್, ಹುಟ್ಟೂರು ನಮ್ಮದರ ಪಕ್ಕದ್ದೇ. ಅವರ ಹೆಂಡತಿ, ಮಗಳು, ಅಳಿಯ, ಒಬ್ಬ ಮೊಮ್ಮಗ. ರಾಯರಿಗೆ ಮೂತ್ರಪಿಂಡ ಸೋಲುತ್ತ ಬಂದಿತ್ತು. ಡಯಾಲಿಸಿಸ್ ಇನ್ನೂ ಶುರುವಾಗಿರಲಿಲ್ಲ. ಅದನ್ನು ಆದಷ್ಟು ದೂರ ತಳ್ಳಬೇಕು ಎಂಬುದೇ ಮನೆಯವರ ಹೋರಾಟ. ಕೆಲಸಕ್ಕೆ ಸೇರಿದ ದಿನ ಮಗಳು ಎರಡು ಹಾಳೆ ಕೊಟ್ಟರು. ಆಸ್ಪತ್ರೆಯ ಆಹಾರ ತಜ್ಞೆ ಬರೆದುಕೊಟ್ಟದ್ದು, ಇಂಗ್ಲಿಷಿನಲ್ಲಿ. ಮೊದಲ ಹಾಳೆಯಲ್ಲಿ ದಿನಕ್ಕೆ ಉಪ್ಪು ಎಷ್ಟು, ಬೇಳೆ ಎಷ್ಟು, ನೀರು ಎಷ್ಟು. ಎರಡನೆಯದರಲ್ಲಿ ತರಕಾರಿಗಳ ಪಟ್ಟಿ, ಅವನ್ನು ಹೇಗೆ ಬೇಯಿಸಬೇಕು ಎಂಬ ಸೂಚನೆ. ಮಗಳು ಒಂದೊಂದೇ ಸಾಲು ಓದಿ ಹೇಳಿದರು: ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ನೆನೆಸಬೇಕು, ತುಂಬ ನೀರಿಟ್ಟು ಬೇಯಿಸಬೇಕು, ಆ ನೀರನ್ನು ಬಸಿದು ಚೆಲ್ಲಬೇಕು. "ಅಪ್ಪನಿಗೆ ಪೊಟ್ಯಾಸಿಯಂ ಏರಬಾರದು" ಎಂದರು. ಆಯಿತು ಎಂದೆ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಪೊಟ್ಯಾಸಿಯಂ ಎಂದರೇನು, ಏರಿದರೆ ಏನಾಗುತ್ತದೆ ಎಂದು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಎಂದುಕೊಂಡಾರು ಎಂಬ ಅಳುಕಿತ್ತು. ಉಪ್ಪು ಕಡಿಮೆ ಹಾಕುವುದು, ತರಕಾರಿ ಬೇಯಿಸಿ ಬಸಿಯುವುದು. ಇಷ್ಟೇ ತಾನೇ ಎಂದುಕೊಂಡೆ.

ಮೊದಲು ಹಾಳೆಯಲ್ಲಿದ್ದಂತೆಯೇ ಮಾಡಿದೆ. ರಾಯರು ಊಟಕ್ಕೆ ಕೂತಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೋಟೆಲಿನಲ್ಲಿ ಅಡುಗೆಯವನಿಗೆ ಉಣ್ಣುವವರ ಮುಖ ಕಾಣುವುದಿಲ್ಲ, ಇಲ್ಲಿ ಎದುರಿಗೇ ಕಾಣುತ್ತದೆ. ಅನ್ನವನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿಯುತ್ತಿದ್ದರು. "ಏ ಮಾಣಿ, ಸಪ್ಪೆ ಮಾರಾಯ. ಒಂಚೂರ್ ಉಪ್ಪ್ ಹಾಕ್" ಎನ್ನುತ್ತಿದ್ದರು, ಹೆಂಡತಿಗೆ ಕೇಳಿಸದಂತೆ. ಬಾಳೆಲೆಗೆ ಮೊದಲು ಉಪ್ಪು ಬೀಳುವ ಊರಿನವರು. ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಬೆಳೆದವರು. ತಟ್ಟೆ ಅರ್ಧಕ್ಕರ್ಧ ಹಾಗೇ ಒಳಗೆ ಬರುತ್ತಿತ್ತು. ಅವರು ತೂಕ ಇಳಿಯುತ್ತಿದ್ದಾರೆ ಎಂದು ಅಮ್ಮನವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಉಳಿದು ಬಂದ ಆ ತಟ್ಟೆ ನನಗೆ ಸಹಿಸಲಾಗುತ್ತಿರಲಿಲ್ಲ. ಆಗ ಅದನ್ನು ರಾಯರ ಮೇಲಿನ ಪ್ರೀತಿ ಎಂದು ತಿಳಿದಿದ್ದೆ. ಪ್ರೀತಿ ಇರಲಿಲ್ಲ ಎನ್ನಲಾರೆ. ಆದರೆ ಅದಕ್ಕಿಂತ ದೊಡ್ಡದು ನನ್ನ ಹೆಸರಿನ ಚಿಂತೆ. ಆ ಮನೆಗೆ ನೆಂಟರು ಬರುತ್ತಿದ್ದರು, ರಾಯರ ಹಳೆಯ ಸಹೋದ್ಯೋಗಿಗಳು ಬರುತ್ತಿದ್ದರು. ಊರಿನ ಅಡುಗೆಯವನು ಸಿಕ್ಕಿದ್ದಾನಂತೆ, ಹೇಗೆ ಮಾಡುತ್ತಾನೆ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ರಾಯರು ನಗುತ್ತ ಉತ್ತರ ಕೊಡಬೇಕು ಎಂಬುದು ನನ್ನ ಆಸೆಯಾಗಿತ್ತು.

ಮೊದಲು ತಪ್ಪಿದ್ದು ಬಸಿದ ನೀರಿನ ವಿಷಯದಲ್ಲಿ. ಸೊಪ್ಪು ತರಕಾರಿ ಬೇಯಿಸಿದ ನೀರನ್ನು ಸಿಂಕಿಗೆ ಸುರಿಯುವುದು ಅಡುಗೆಯವನ ಕೈಗೆ ಒಗ್ಗುವ ಕೆಲಸವಲ್ಲ. ಸಾರವೆಲ್ಲ ಅದರಲ್ಲೇ ಇದೆ ಎಂದು ಕಲಿತು ಬಂದವರು ನಾವು. ಹೋಟೆಲಿನಲ್ಲಿ ನನ್ನ ಜೊತೆಗಿದ್ದ ಮಂಡ್ಯದ ಹುಡುಗನೊಬ್ಬ ಬಸ್ಸಾರು ಕಲಿಸಿದ್ದ. ಸೊಪ್ಪು, ಕಾಳು ಬೇಯಿಸಿ ಬಸಿಯುವುದು. ಗಟ್ಟಿ ಪಲ್ಯಕ್ಕೆ, ಕಟ್ಟು ಸಾರಿಗೆ. ಆ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಬೆಂದ ಸೊಪ್ಪು ಒಂದು ಹಿಡಿ ರುಬ್ಬಿ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಉಪ್ಪು ಸ್ವಲ್ಪ ಕಡಿಮೆಯಿದ್ದರೂ ನಾಲಿಗೆಗೆ ತಿಳಿಯುವುದಿಲ್ಲ. ನನಗೆ ದಾರಿ ಸಿಕ್ಕಿತು ಎನಿಸಿತು. ಹಾಳೆಯಲ್ಲಿ ಬಸಿಯಬೇಕು ಎಂದಿದೆ, ಬಸಿದಿದ್ದೇನೆ. ಹರಿವೆ ಸೊಪ್ಪನ್ನು ನೆನೆಸಿ, ಬೇಯಿಸಿ, ನೀರು ಹಿಂಡಿ ಪಲ್ಯ ಮಾಡಿದೆ. ಆ ನೀರಿನಲ್ಲಿ ಸಾರು ಮಾಡಿದೆ. ರಾಯರು ಎರಡು ಸಲ ಹಾಕಿಸಿಕೊಂಡು ಉಂಡರು. ಅಮ್ಮನವರು ಒಳಗೆ ಬಂದು ನನ್ನ ಬೆನ್ನು ತಟ್ಟಿದರು.

ಪೊಟ್ಯಾಸಿಯಂ ನೀರಿನಲ್ಲಿ ಕರಗುವ ವಸ್ತು. ಸೊಪ್ಪಿನಿಂದ ಅದನ್ನು ಹೊರಗೆ ತೆಗೆಯಲೆಂದೇ ಅಷ್ಟೆಲ್ಲ ನೆನೆಸಿ ಬೇಯಿಸಿ ಬಸಿಯುವುದು. ಹಾಗೆ ತೆಗೆದದ್ದನ್ನು ನಾನು ಒಂದು ಹನಿಯೂ ಬಿಡದೆ ಬಟ್ಟಲಿಗೆ ಹಾಕಿ ಅವರ ಮುಂದಿಟ್ಟಿದ್ದೆ. ಹುಣಸೆಹಣ್ಣಿನಲ್ಲೂ ಅದು ಹೇರಳವಾಗಿದೆ.

ಎರಡನೆಯದು ಉಪ್ಪು. ಅಂಗಡಿಯ ಕಪಾಟಿನಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪಿನ ಪೊಟ್ಟಣ ಕಂಡಿತು. ರಕ್ತದೊತ್ತಡ ಇರುವವರಿಗೆ ಒಳ್ಳೆಯದು ಎಂದು ಅಂಗಡಿಯವರು ಹೇಳಿದರು. ರಾಯರಿಗೆ ಬಿ.ಪಿ. ಇತ್ತು, ಉಪ್ಪು ಕಡಿಮೆ ಮಾಡಲು ಹೇಳಿದ್ದೂ ನಿಜ. ಕಡಿಮೆ ಸೋಡಿಯಂ ಎಂದರೆ ಸ್ವಲ್ಪ ಜಾಸ್ತಿ ಹಾಕಬಹುದು ಎಂದು ನಾನೇ ಅರ್ಥ ಮಾಡಿಕೊಂಡೆ. ನನ್ನ ಕೈಯಿಂದಲೇ ದುಡ್ಡು ಕೊಟ್ಟು ತಂದೆ, ಒಂದು ಸ್ಟೀಲ್ ಡಬ್ಬಿಗೆ ಸುರಿದಿಟ್ಟೆ. ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎಂದಾರು ಎಂಬ ಅಂಜಿಕೆ ಒಳಗೆಲ್ಲೋ ಇದ್ದಿರಬೇಕು. ಇಲ್ಲದಿದ್ದರೆ ಅಷ್ಟು ಸಣ್ಣ ಸಂಗತಿಯನ್ನು ಯಾಕೆ ಮುಚ್ಚಿಡುತ್ತಿದ್ದೆ? ಈ ಪ್ರಶ್ನೆಯನ್ನು ನಾನು ಇವತ್ತಿಗೂ ಪಕ್ಕಕ್ಕೆ ಇಟ್ಟಿಲ್ಲ.

ಆ ಬಗೆಯ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಅದರ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಅದರಿಂದ ಅನುಕೂಲವೇ. ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುತ್ತದೆ. ಸೋತ ಮೂತ್ರಪಿಂಡಕ್ಕೆ ಅದನ್ನು ಹೊರಹಾಕುವ ಶಕ್ತಿಯಿಲ್ಲ. ರಕ್ತದಲ್ಲಿ ಉಳಿದು ಏರುತ್ತ ಹೋದರೆ ಕೈಕಾಲಿನ ಬಲ ಕುಂದುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತುಹೋಗಲೂಬಹುದು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ರಾಯರು ಅಂಥದ್ದೊಂದನ್ನು ತೆಗೆದುಕೊಳ್ಳುತ್ತಿದ್ದರು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗಲೂ ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ನಾನು ತಂದ ಪೊಟ್ಟಣದ ಹಿಂದೆಯೂ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇತ್ತು. ಡಬ್ಬಿಗೆ ಸುರಿದು ಪೊಟ್ಟಣವನ್ನು ಮಡಚಿ ಸಾಮಾನಿನ ಚೀಲದಲ್ಲಿ ಹಾಕಿದ್ದೆ, ತಿರುಗಿಸಿ ನೋಡಿರಲಿಲ್ಲ.

ಕೆಲವು ವಾರ ಎಲ್ಲರೂ ಸಂತೋಷವಾಗಿದ್ದರು. ಆ ಸಂತೋಷವನ್ನು ನೆನೆಸಿಕೊಂಡರೆ ಈಗಲೂ ಎದೆ ಭಾರವಾಗುತ್ತದೆ. ರಾಯರು ಊಟಕ್ಕೆ ಮೊದಲೇ ಬಂದು ಕೂರುತ್ತಿದ್ದರು. ಊರಿನ ಮಾತು, ಮಳೆಗಾಲದ ಮಾತು, ಅವರ ತಾಯಿ ಮಾಡುತ್ತಿದ್ದ ದಾರೆಹುಳಿ ಗೊಜ್ಜಿನ ಮಾತು. ಒಂದು ದಿನ ದಾರೆಹುಳಿ ತಂದು ಗೊಜ್ಜು ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮಾರ್ಕೆಟ್ಟಿನಲ್ಲಿ ಆ ವಾರ ಅದು ಸಿಗಲಿಲ್ಲ. ದಾರೆಹುಳಿಯಲ್ಲಿ ಇರುವ ಒಂದು ವಿಷ ಮೂತ್ರಪಿಂಡ ಸೋತವರ ಮಿದುಳಿಗೆ ಏರುತ್ತದೆ, ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಪ್ರಜ್ಞೆ ತಪ್ಪುವವರೆಗೆ ಹೋಗುತ್ತದೆ, ಪ್ರಾಣವೂ ಹೋದದ್ದಿದೆ ಎಂಬುದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಅಂದು ಮಾರ್ಕೆಟ್ಟಿನಲ್ಲಿ ಅದು ಸಿಗದೆ ಹೋದದ್ದು ನನ್ನ ಬುದ್ಧಿಯಿಂದಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಮನೆ ಬೀಗ ಹಾಕಿತ್ತು. ರಾಯರಿಗೆ ರಾತ್ರಿ ಹಾಸಿಗೆಯಿಂದ ಏಳಲು ಕಾಲು ಬರಲಿಲ್ಲ, ಎದೆಯಲ್ಲಿ ಏನೋ ಆಗುತ್ತಿದೆ ಎಂದರಂತೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕಾದದ್ದು 6 ದಾಟಿ ಹೋಗಿತ್ತು. ಇಸಿಜಿ ಬದಲಾಗಿತ್ತು. ತುರ್ತು ಚಿಕಿತ್ಸೆ ಕೊಟ್ಟು ಐಸಿಯುವಿನಲ್ಲಿಟ್ಟರು. ಹಿಂದಿನ ರಿಪೋರ್ಟಿನಲ್ಲಿ ಇಷ್ಟಿರಲಿಲ್ಲವಲ್ಲ, ಊಟದಲ್ಲಿ ಏನು ಬದಲಾಗಿದೆ ಎಂದು ವೈದ್ಯರು ಕೇಳಿದ್ದಾರೆ. ಮಗಳು ನನಗೆ ಫೋನ್ ಮಾಡಿದರು. ಬಸ್ಸಾರಿನ ವಿಷಯ ಹೇಳಿದೆ. ಉಪ್ಪಿನ ವಿಷಯವನ್ನೂ ಹೇಳಿದೆ. ಪೊಟ್ಟಣವನ್ನು ಹುಡುಕಿ ಆಸ್ಪತ್ರೆಗೆ ತೆಗೆದುಕೊಂಡು ಹೋದೆ.

ಅವರು ಕಾರಿಡಾರಿನಲ್ಲಿ ನಿಂತು ಪೊಟ್ಟಣದ ಹಿಂಬದಿಯನ್ನು ಓದಿದರು.

"ಇದನ್ನ ಓದಿದ್ರಾ?"

"ಇಲ್ಲ ಮೇಡಂ."

"ನಂಗೊಂದು ಫೋನ್ ಮಾಡಬಹುದಿತ್ತಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ದನಿ ಎತ್ತಲಿಲ್ಲ. ಆ ತಿಂಗಳ ಸಂಬಳವನ್ನು ಪೂರ್ತಿ ಕಳಿಸಿದರು, ಇನ್ನು ಬರುವುದು ಬೇಡ ಎಂದರು. ದುಡ್ಡು ವಾಪಸ್ಸು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ರಾಯರು ಉಳಿದುಕೊಂಡರು. ಮನೆಗೆ ಬಂದ ಮೇಲೆ ಅಮ್ಮನವರನ್ನು ಕೇಳಿಕೊಂಡು ಒಮ್ಮೆ ನೋಡಲು ಹೋದೆ. ನನ್ನ ಕೈ ಹಿಡಿದುಕೊಂಡು, "ನಾ ಕೇಳಿದ್ದಕ್ಕಲ್ದಾ ನೀ ಹಾಕಿದ್ದ್? ತಲೆಬಿಸಿ ಮಾಡ್ಕಣ್ಬೇಡ" ಎಂದರು. ದೊಡ್ಡ ಮನಸ್ಸಿನ ಮಾತು. ಆದರೆ ಆ ಮಾತನ್ನು ನಾನು ಒಪ್ಪಿಕೊಳ್ಳಲಾರೆ. ಕಾಯಿಲೆಯವರು ಕೇಳುತ್ತಾರೆ. ಬಾಯಿ ಕೆಟ್ಟವರು ರುಚಿ ಬೇಡದೆ ಇನ್ನೇನು ಬೇಡಿಯಾರು? ಕೇಳುವುದು ಅವರ ಹಕ್ಕು. ಕೊಡುವ ಮೊದಲು ತಿಳಿದುಕೊಳ್ಳುವುದು ನನ್ನ ಕೆಲಸವಾಗಿತ್ತು, ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ಅದಾದ ಮೇಲೆ ಮನೆಗಳ ಕೆಲಸ ಬಿಟ್ಟೆ. ಯಾರೋ ಕರೆದರೂ ಹೋಗುವ ಧೈರ್ಯ ಬರಲಿಲ್ಲ. ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಖಾಲಿ ಇತ್ತು, ಹೋಟೆಲಿಗಿಂತ ಕಡಿಮೆ ಸಂಬಳಕ್ಕೆ ಸೇರಿಕೊಂಡೆ. ಅಲ್ಲಿ ಪ್ರತಿ ಟ್ರೇಗೂ ಒಂದು ಚೀಟಿ. ರೋಗಿಯ ಹಾಸಿಗೆ ಸಂಖ್ಯೆ, ಯಾವ ಪಥ್ಯ, ಯಾವುದು ಕೂಡದು. ಚೀಟಿ ಇಲ್ಲದೆ ಒಂದು ಬಟ್ಟಲು ಮಜ್ಜಿಗೆಯೂ ಹೊರಗೆ ಹೋಗುವಂತಿಲ್ಲ. ಹೋಟೆಲಿನಲ್ಲಿ ನಮಗೆ ಶುಚಿತ್ವ ಕಲಿಸಿದ್ದರು: 5 ಡಿಗ್ರಿಗೂ 60 ಡಿಗ್ರಿಗೂ ನಡುವೆ ಅಡುಗೆ ಹೆಚ್ಚು ಹೊತ್ತು ಇರಬಾರದು, ಹಸಿಯದಕ್ಕೆ ಬೇರೆ ಹಲಗೆ, ಬೆಂದದ್ದಕ್ಕೆ ಬೇರೆ. ಶುಚಿಯಾದ, ರುಚಿಯಾದ, ಬಿಸಿಬಿಸಿ ಸಾರು ಒಬ್ಬರಿಗೆ ಪ್ರಾಣಾಪಾಯ ತರಬಹುದು ಎಂಬುದನ್ನು ಯಾರೂ ಕಲಿಸಿರಲಿಲ್ಲ. ಅಡುಗೆ ಕಲಿಸುವ ಎಲ್ಲ ಕಡೆಯೂ ಇದನ್ನು ಮೊದಲ ವರ್ಷದಲ್ಲೇ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇವತ್ತು ಮನೆಗೆ ಅಡುಗೆಯವರನ್ನು ಕರೆಯುವವರಲ್ಲಿ ಅನೇಕರು ಕರೆಯುವುದೇ ಮನೆಯಲ್ಲಿ ಸಕ್ಕರೆ ಕಾಯಿಲೆಯವರೋ, ಹೃದಯದ ತೊಂದರೆಯವರೋ, ವಯಸ್ಸಾದವರೋ ಇದ್ದಾರೆ ಎಂದು.

ಆಸ್ಪತ್ರೆಯ ಆಹಾರ ತಜ್ಞೆಯೊಬ್ಬರು ನನಗೆ ತಾಳ್ಮೆಯಿಂದ ಹೇಳಿಕೊಟ್ಟರು. ಅವರ ಹತ್ತಿರ ನನ್ನ ಹಿಂದಿನ ಕಥೆ ಮುಚ್ಚಿಡಲಿಲ್ಲ. ಡಯಾಲಿಸಿಸ್‌ಗೆ ಮೊದಲು ಪ್ರೋಟೀನು ಹಿಡಿದು ಕೊಡಬೇಕಾದ ರೋಗಿಗೇ ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನು ಹೆಚ್ಚು ಬೇಕಾಗುತ್ತದೆ ಎಂದು ತಿಳಿದದ್ದು ಅಲ್ಲೇ. ಹಳೆಯ ಹಾಳೆಯನ್ನೇ ನಂಬಿಕೊಂಡು ಅಡುಗೆ ಮಾಡಿದರೆ ಅದೂ ತಪ್ಪೇ. ಹಪ್ಪಳದಲ್ಲಿ, ಅಡುಗೆ ಸೋಡಾದಲ್ಲಿ, ಅಜಿನೊಮೊಟೊದಲ್ಲಿ ಸೋಡಿಯಂ ಅಡಗಿರುತ್ತದೆ. ಉಪ್ಪಿನ ಡಬ್ಬಿ ಮುಟ್ಟದೆಯೇ ಒಂದು ದಿನದ ಲೆಕ್ಕ ಮೀರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಅದು ಹೆಚ್ಚುಕಡಿಮೆ ಒಂದು ಟೀ ಚಮಚ, ಇಡೀ ದಿನಕ್ಕೆ.

ಸಪ್ಪೆ ಊಟವನ್ನು ಬಾಯಿಗೆ ಹತ್ತುವಂತೆ ಮಾಡುವ ವಿದ್ಯೆಯೂ ಇದೆ. ಅದನ್ನು ಕಲಿಯುವ ಗೋಜಿಗೆ ಹೋಗದೆ ನಾನು ಅಡ್ಡದಾರಿ ಹಿಡಿದಿದ್ದೆ. ಇರುವ ಚಿಟಿಕೆ ಉಪ್ಪನ್ನು ಕುದಿಯುವಾಗ ಹಾಕುವುದಿಲ್ಲ. ಕೊನೆಗೆ, ಬಡಿಸುವ ಮುಂಚೆ, ಪಲ್ಯದ ಮೇಲೆ ಉದುರಿಸಬೇಕು, ಆಗ ನಾಲಿಗೆಗೆ ಮೊದಲು ತಗಲುವುದು ಅದೇ. ಎಲ್ಲ ಪದಾರ್ಥಕ್ಕೂ ಹಂಚುವ ಬದಲು ಒಂದಕ್ಕೆ ಸರಿಯಾಗಿ ಹಾಕಿ, ಉಳಿದವನ್ನು ಬೇರೆ ರುಚಿಯಿಂದ ನಿಲ್ಲಿಸಬೇಕು. ಆಗತಾನೆ ಕುಟ್ಟಿದ ಕಾಳುಮೆಣಸು, ಹುರಿದ ಜೀರಿಗೆ, ಶುಂಠಿ, ತುಪ್ಪದಲ್ಲಿ ಗರಿಗರಿಯಾದ ಕರಿಬೇವು, ಕೆಲವು ಹನಿ ನಿಂಬೆರಸ. ಬಿಸಿ ಆರುವ ಮೊದಲು ಬಡಿಸಬೇಕು, ಪರಿಮಳ ಅರ್ಧ ಕೆಲಸ ಮಾಡುತ್ತದೆ. ರಾಯರಿಗೆ ಇಷ್ಟು ಮಾಡಿದ್ದರೆ ತಟ್ಟೆ ಪೂರ್ತಿ ಖಾಲಿಯಾಗದಿದ್ದರೂ ಇನ್ನಷ್ಟು ಒಳಗೆ ಹೋಗುತ್ತಿತ್ತು.

ಈಗ ಮತ್ತೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದೇನೆ. ಸಂಬಳದ ಮಾತಿಗೆ ಮೊದಲು ಮನೆಯವರನ್ನು ಕೂರಿಸಿಕೊಂಡು ಕೇಳುತ್ತೇನೆ: ಯಾರಿಗೆ ಏನು ಕಾಯಿಲೆ, ಯಾವ ಮಾತ್ರೆ, ಯಾವ ಪದಾರ್ಥ ಆಗಿಬರುವುದಿಲ್ಲ, ಪಥ್ಯ ಬರೆದುಕೊಟ್ಟವರು ಯಾರು, ಅವರ ಜೊತೆ ನಾನು ಮಾತಾಡಬಹುದೋ. ವ್ರತಗಳನ್ನೂ ಕೇಳುತ್ತೇನೆ; ಚಾತುರ್ಮಾಸ್ಯ ಹಿಡಿಯುವ ಮಾಧ್ವರ ಮನೆಯಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಕಾಳಿಲ್ಲ. ಅದರ ಮೇಲೆ ಸಕ್ಕರೆ ಕಾಯಿಲೆಯೂ ಇದ್ದರೆ ವೈದ್ಯರನ್ನು ಕೇಳದೆ ಪಾತ್ರೆ ಇಡುವುದಿಲ್ಲ. ನಾನು ಹೊಸದಾಗಿ ತಂದ ಯಾವ ಪೊಟ್ಟಣವನ್ನೂ ಮನೆಯವರಿಗೆ ತೋರಿಸದೆ ಒಡೆಯುವುದಿಲ್ಲ. ಇಷ್ಟೆಲ್ಲ ಯಾಕಪ್ಪಾ, ಅಡುಗೆ ಮಾಡಲು ಕರೆದದ್ದು ಎಂದು ಬೇಸರಪಟ್ಟು ಬೇರೆಯವರನ್ನು ಹುಡುಕಿಕೊಂಡವರೂ ಇದ್ದಾರೆ. ಹೋಗಲಿ ಎಂದು ಬಿಟ್ಟಿದ್ದೇನೆ.

ಸದ್ಯ ಒಂದು ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಒಬ್ಬರು ಅಜ್ಜಿ ಇದ್ದಾರೆ. ಈ ಸಲ ಮಾವಿನಹಣ್ಣಿನ ಕಾಲದಲ್ಲಿ ಹಣ್ಣಿನ ಗೊಜ್ಜು ಬೇಕು ಎಂದು ಪಟ್ಟು ಹಿಡಿದರು. ಅವರ ಎದುರಿಗೇ ಮಗನಿಗೆ ಹೇಳಿದೆ, ಮಗ ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಎಷ್ಟು, ಯಾವ ದಿನ, ಅಂದು ಬೇರೆ ಏನನ್ನು ಬಿಡಬೇಕು ಎಂದು ಆಹಾರ ತಜ್ಞೆ ಹೇಳಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅಜ್ಜಿಗೆ ಅಳತೆ ಮಾಡಿ ಒಂದು ಸಣ್ಣ ಬಟ್ಟಲು ಮಾಡಿದೆ. ಮನೆಯ ಉಳಿದವರಿಗೆ ಬೇರೆ ಪಾತ್ರೆಯಲ್ಲಿ ಮಾಡಿದೆ.